ತೆರೆಯ ಮೇಲಿನ ರನ್‌ವೇ, ನೆಲದ ಲೆಕ್ಕ

ಕಂಪ್ಯೂಟರಿನ ತೆರೆಯ ಮೇಲೆ ವಿಮಾನ ಹಾರಿಸುವ ಫ್ಲೈಟ್ ಸಿಮ್ಯುಲೇಟರ್‌ಗಳ ಮಾತು ಬಂದಾಗ ಎಲ್ಲರ ಗಮನ ಹೋಗುವುದು ವಿಮಾನದ ಕಡೆಗೆ. ಕಾಕ್‌ಪಿಟ್ಟಿನ ಗುಂಡಿಗಳು ನಿಜದಂತೆ ಕೆಲಸ ಮಾಡುತ್ತವೆಯೇ, ಎಂಜಿನ್ನಿನ ಸದ್ದು ಸರಿಯಿದೆಯೇ, ಅಡ್ಡಗಾಳಿಗೆ ವಿಮಾನ ಹೇಗೆ ಓಲಾಡುತ್ತದೆ ಎಂಬುದೇ ಚರ್ಚೆ. ವಿಮಾನ ಎದ್ದು ಹೊರಡುವ, ಮತ್ತೆ ಬಂದು ಇಳಿಯುವ ನೆಲವನ್ನೂ ಯಾರೋ ಕೂತು ಕಟ್ಟಿರುತ್ತಾರೆ ಎಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. ರನ್‌ವೇ, ಟ್ಯಾಕ್ಸಿವೇ, ವಿಮಾನಗಳು ನಿಲ್ಲುವ ಏಪ್ರನ್, ಟರ್ಮಿನಲ್, ಕಂಟ್ರೋಲ್ ಟವರ್, ಗಾಳಿಚೀಲ, ಬೇಲಿ, ಬೇಲಿಯಾಚೆಯ ಗುಡ್ಡ, ಇಷ್ಟನ್ನೂ ಒಂದೊಂದಾಗಿ ಅಳೆದು ಕೂರಿಸುವುದಕ್ಕೆ ಆ ಬಳಗದವರು ಸೀನರಿ ಮಾಡುವುದು ಎನ್ನುತ್ತಾರೆ. ಬಹಳ ಮಂದಿ ಇದನ್ನು ಬಿಡುವಿನ ವೇಳೆಯಲ್ಲಿ, ಹಣದ ನಿರೀಕ್ಷೆಯಿಲ್ಲದೆ ಮಾಡುತ್ತಾರೆ. ಮಾರಾಟಕ್ಕೆಂದೇ ಮಾಡುವ ಸಣ್ಣ ಸಂಸ್ಥೆಗಳೂ ಇವೆ. ಹೊರಗಿನಿಂದ ನೋಡುವವರಿಗೆ ಇದು ಅಂದಚೆಂದದ ಕೆಲಸವಾಗಿ ಕಾಣುತ್ತದೆ. ನನ್ನ ವಾದ ಬೇರೆ. ಸಿಮ್ಯುಲೇಟರ್‌ನಲ್ಲಿ ವಿಮಾನ ನಿಲ್ದಾಣ ಕಟ್ಟುವವರಿಗೆ ನಕ್ಷೆ ಬರೆಯುವವರಷ್ಟೇ ಹೊಣೆಯಿದೆ. ಅವರ ಕೆಲಸ ಎಷ್ಟು ಸೊಗಸಾಗಿದೆ ಎಂದು ಕೇಳುವ ಮೊದಲು ಅದು ನೆಲಕ್ಕೆ ಎಷ್ಟು ನಿಷ್ಠವಾಗಿದೆ, ಯಾವ ಕಾಲದ ನೆಲಕ್ಕೆ ನಿಷ್ಠವಾಗಿದೆ ಎಂದು ಕೇಳಬೇಕು.

ಮೂವತ್ತೈದು ಸಾವಿರ ಅಡಿ ಎತ್ತರದಲ್ಲಿ ಹಾರುವಾಗ ಕೆಳಗಿನ ಹೊಲ ಹಸಿರೋ ಕಂದೋ ಎಂಬುದರಿಂದ ಏನೂ ಕೆಡುವುದಿಲ್ಲ. ನೆಲ ಮುಖ್ಯವಾಗುವುದು ಕೊನೆಯ ಕೆಲವು ನಿಮಿಷಗಳಲ್ಲಿ. ಇಳಿಯುವಾಗ ಪೈಲಟ್ ಉಪಕರಣಗಳನ್ನು ನೋಡುತ್ತಲೇ ಹೊರಗಿನ ನೋಟದಿಂದಲೂ ತನ್ನ ಎತ್ತರವನ್ನು ಅಂದಾಜು ಮಾಡುತ್ತಾನೆ, ಮತ್ತು ಆ ಅಂದಾಜು ತಪ್ಪುವ ಬಗೆಗಳು ವೈಮಾನಿಕ ಶಿಕ್ಷಣದ ಮೂಲಪಾಠಗಳಲ್ಲೇ ಇವೆ. ರೂಢಿಗಿಂತ ಕಿರಿದಾದ ರನ್‌ವೇ ಎದುರಾದರೆ ತಾನು ಇರುವುದಕ್ಕಿಂತ ಎತ್ತರದಲ್ಲಿದ್ದೇನೆ ಎಂದು ಕಣ್ಣು ಹೇಳುತ್ತದೆ. ಅದನ್ನು ನಂಬಿದವನು ಅಗತ್ಯಕ್ಕಿಂತ ಕೆಳಗಿಳಿಯುತ್ತಾನೆ. ರನ್‌ವೇ ಮುಂದಕ್ಕೆ ಏರುತ್ತಾ ಹೋಗಿದ್ದರೂ ಅದೇ ಭ್ರಮೆ. ಸುತ್ತ ದೀಪವೇ ಇಲ್ಲದ ಕತ್ತಲ ಬಯಲಿನ ನಡುವೆ ರನ್‌ವೇಯ ದೀಪಗಳಷ್ಟೇ ಕಂಡರೂ ಹಾಗೆಯೇ ಆಗುತ್ತದೆ. ಅಂದಮೇಲೆ ರನ್‌ವೇಯ ಅಗಲವನ್ನೋ ಇಳಿಜಾರನ್ನೋ ತಪ್ಪಾಗಿ ಕೂರಿಸಿದ ಸೀನರಿ ತನ್ನ ಮುಂದೆ ಕುಳಿತವನ ಕಣ್ಣಿಗೆ ತಪ್ಪು ಪಾಠವನ್ನೇ ಕಲಿಸುತ್ತದೆ. ಟರ್ಮಿನಲ್ಲಿನ ಗಾಜು ಎಷ್ಟು ಚೆನ್ನಾಗಿ ಹೊಳೆದರೂ ಈ ದೋಷ ಮುಚ್ಚಿಹೋಗುವುದಿಲ್ಲ.

ಹಾಗಾಗಿ ಒಳ್ಳೆಯ ಕೆಲಸ ಶುರುವಾಗುವುದು ಕಟ್ಟಡಗಳಿಂದಲ್ಲ, ಕಾಗದಗಳಿಂದ. ಪ್ರತಿ ದೇಶವೂ ತನ್ನ ವಿಮಾನ ನಿಲ್ದಾಣಗಳ ಅಧಿಕೃತ ವಿವರಗಳನ್ನು ಎಐಪಿ ಎಂಬ ಪ್ರಕಟಣೆಯಲ್ಲಿ ಕೊಡುತ್ತದೆ. ಭಾರತದಲ್ಲಿ ಅದನ್ನು ಹೊರತರುವುದು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ. ರನ್‌ವೇಯ ಎರಡೂ ತುದಿಗಳ ಅಕ್ಷಾಂಶ ರೇಖಾಂಶ, ಉದ್ದಗಲ, ಎತ್ತರ, ದೀಪಗಳ ವ್ಯವಸ್ಥೆ, ಟ್ಯಾಕ್ಸಿವೇಗಳ ಹೆಸರು ಎಲ್ಲವೂ ಅದರಲ್ಲಿರುತ್ತವೆ. ಉಪಗ್ರಹ ಚಿತ್ರವನ್ನು ಹಾಗೆಯೇ ನಂಬುವಂತಿಲ್ಲ, ಅದು ನಿಜವಾದ ಜಾಗದಿಂದ ಕೆಲವು ಮೀಟರ್ ಜರುಗಿರಬಹುದು. ಪ್ರಕಟಿತ ಅಂಕಿಗಳಿಗೆ ಹೊಂದಿಸಿ ಅದನ್ನು ಸರಿಪಡಿಸಿಕೊಳ್ಳಬೇಕು. ಆಮೇಲೆ ಗುರುತುಗಳು. ರನ್‌ವೇಯ ಆರಂಭದಲ್ಲಿ ಸಾಲಾಗಿ ಕಾಣುವ ಬಿಳಿ ಪಟ್ಟೆಗಳನ್ನು ಮನಬಂದಷ್ಟು ಬಳಿಯುವುದಿಲ್ಲ. ಅಂತರರಾಷ್ಟ್ರೀಯ ನಿಯಮದಂತೆ 30 ಮೀಟರ್ ಅಗಲದ ರನ್‌ವೇಗೆ 8 ಪಟ್ಟೆ, 45 ಮೀಟರಿಗೆ 12, 60 ಮೀಟರಿಗೆ 16. ಟ್ಯಾಕ್ಸಿವೇಯ ಅಂಚಿನ ದೀಪ ನೀಲಿ, ನಡುಗೆರೆಯ ದೀಪ ಹಸಿರು. ರನ್‌ವೇಯ ಅಂಚು ಬಿಳಿ, ಆರಂಭ ಹಸಿರು, ಅಂತ್ಯ ಕೆಂಪು. ಕೆಂಪು ಹಲಗೆಯ ಮೇಲೆ ಬಿಳಿ ಅಕ್ಷರವಿದ್ದರೆ ಅನುಮತಿಯಿಲ್ಲದೆ ಅದನ್ನು ದಾಟುವಂತಿಲ್ಲ. ಹಳದಿ ಹಲಗೆಯ ಮೇಲಿನ ಕಪ್ಪು ಅಕ್ಷರ ದಾರಿ ತೋರಿಸಲು. ಇನ್ನು ರನ್‌ವೇಯ ಪಕ್ಕದಲ್ಲಿರುವ ಪಾಪಿ ಎಂಬ ನಾಲ್ಕು ದೀಪಗಳ ಸಾಲು: ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಯುವ ಕೋನ ಸರಿ, ನಾಲ್ಕೂ ಕೆಂಪಾದರೆ ವಿಮಾನ ತೀರಾ ಕೆಳಗಿದೆ. ಈ ದೀಪಗಳನ್ನು ತಪ್ಪು ಜಾಗದಲ್ಲಿಟ್ಟರೆ ತೆರೆಯ ಮೇಲಿನ ವಿಮಾನವೂ ತಪ್ಪು ಜಾಗದಲ್ಲೇ ನೆಲ ಮುಟ್ಟುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ನೆಲದ ಏರುತಗ್ಗು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಹಳೆಯ ಆವೃತ್ತಿಗಳಲ್ಲಿ ವಿಮಾನ ನಿಲ್ದಾಣವೆಂದರೆ ಮಟ್ಟಸವಾದ ಒಂದು ಹಲಗೆ. ಬೆಟ್ಟದ ನಡುವೆ ಇದ್ದರೂ ಅಷ್ಟು ಜಾಗವನ್ನು ತಂತ್ರಾಂಶ ಚಪ್ಪಟೆ ಮಾಡಿಬಿಡುತ್ತಿತ್ತು. ನೇಪಾಳದ ಲುಕ್ಲಾವನ್ನು ನೋಡಿ. ಎವರೆಸ್ಟ್ ಕಡೆಗೆ ಹೊರಟವರು ಇಳಿಯುವ ಈ ನಿಲ್ದಾಣದ ರನ್‌ವೇ 527 ಮೀಟರ್ ಉದ್ದ, ಇಳಿಜಾರು ಶೇಕಡಾ 12ರ ಹತ್ತಿರ. ಅಂದರೆ ಒಂದು ತುದಿಗೂ ಇನ್ನೊಂದು ತುದಿಗೂ ಸುಮಾರು 60 ಮೀಟರ್ ಎತ್ತರದ ವ್ಯತ್ಯಾಸ. ವಿಮಾನಗಳು ಏರುಮುಖವಾಗಿ ಇಳಿದು, ಆ ಏರಿನ ನೆರವಿನಿಂದಲೇ ನಿಲ್ಲುತ್ತವೆ. ಹೊರಡುವಾಗ ಇಳಿಜಾರಿನಲ್ಲಿ ಓಡಿ ಕಣಿವೆಯ ಮೇಲೆ ತೇಲುತ್ತವೆ. ಇಳಿಜಾರನ್ನು ತೆಗೆದರೆ ಅಲ್ಲಿ ಉಳಿಯುವುದು ಲುಕ್ಲಾ ಎಂಬ ಹೆಸರು ಮಾತ್ರ. ಎಕ್ಸ್-ಪ್ಲೇನ್ ಎಂಬ ಮತ್ತೊಂದು ಸಿಮ್ಯುಲೇಟರ್ ರನ್‌ವೇಗಳಿಗೆ ನೆಲದ ಏರಿಳಿತವನ್ನು ಮೊದಲೇ ಕೊಟ್ಟಿತ್ತು. ಮೈಕ್ರೋಸಾಫ್ಟ್‌ನಲ್ಲಿ ಅದು ಸರಿಯಾಗಿ ಸಾಧ್ಯವಾದದ್ದು 2020ರ ಆವೃತ್ತಿಯಲ್ಲಿ.

ನಮ್ಮ ಮಂಗಳೂರಿನ ಬಜ್ಪೆ ಇದಕ್ಕಿಂತಲೂ ಸೂಕ್ಷ್ಮವಾದ ಉದಾಹರಣೆ. ಗುಡ್ಡದ ನೆತ್ತಿಯನ್ನು ಸಮ ಮಾಡಿ ಹಾಸಿದ ರನ್‌ವೇ, ಅದರಾಚೆ ಕಣಿವೆ. ಸಿಮ್ಯುಲೇಟರ್‌ಗಳು ಭೂಮಿಯ ಎತ್ತರಕ್ಕೆ ಬಳಸುವ ಮುಖ್ಯ ಆಧಾರಗಳಲ್ಲಿ ಒಂದು, 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನಗಳ ಯಾನದಲ್ಲಿ ರೇಡಾರ್‌ನಿಂದ ಮಾಡಿದ ಅಳತೆ. ಅದ್ಭುತವಾದ ಕೆಲಸವೇ ಸರಿ, ಆದರೆ ಅದು ಸುಮಾರು 30 ಮೀಟರಿಗೆ ಒಂದರಂತೆ ಎತ್ತರವನ್ನು ಹೇಳುತ್ತದೆ. ಎರಡು ಅಳತೆಗಳ ನಡುವಿನ ಕಡಿದಾದ ಅಂಚು, ಗುಡ್ಡಕ್ಕೆ ಕಂಬಳಿ ಹೊದಿಸಿದ ಹಾಗೆ, ನಯವಾದ ಇಳಿಜಾರಾಗಿಬಿಡುತ್ತದೆ. ಜೊತೆಗೆ ಮಂಗಳೂರಿನ 2,450 ಮೀಟರಿನ ಹೊಸ ರನ್‌ವೇ ಬಳಕೆಗೆ ಬಂದದ್ದು 2006ರಲ್ಲಿ. ಅಳತೆಯ ಹೊತ್ತಿಗೆ ಅದು ಇರಲೇ ಇಲ್ಲ. ಹೀಗೆ ಹಳೆಯ ಗುಡ್ಡದ ಎತ್ತರದ ಮೇಲೆ ಹೊಸ ರನ್‌ವೇಯ ಚಿತ್ರ ಅಂಟಿಸಿದರೆ ಬರುವುದು ಇಂದಿನ ಬಜ್ಪೆಯೂ ಅಲ್ಲ, ಅಂದಿನದೂ ಅಲ್ಲ. 2010ರ ಮೇ 22ರಂದು ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಇದೇ ರನ್‌ವೇಯ ಕೊನೆಯನ್ನು ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು. ರನ್‌ವೇಯ ಆಚೆ ಎಷ್ಟು ಜಾಗವಿದೆ, ಅದು ಎಲ್ಲಿ ಮುಗಿಯುತ್ತದೆ ಎಂಬುದು ಆ ನೆಲದ ಬಗ್ಗೆ ತಿಳಿಯಲೇಬೇಕಾದ ಸಂಗತಿ. ಅದನ್ನು ತಟ್ಟಿ ನಯ ಮಾಡಿದ ಸೀನರಿಯನ್ನು ಚೆನ್ನಾಗಿದೆ ಎಂದು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಕೆಲವು ಕಡೆ ನಿಲ್ದಾಣದ ಬೇಲಿಯೊಳಗಿನದ್ದನ್ನು ಮಾತ್ರ ಕಟ್ಟಿದರೆ ಸಾಲದು, ಊರನ್ನೇ ಕಟ್ಟಬೇಕಾಗುತ್ತದೆ. ಹಾಂಗ್‌ಕಾಂಗ್‌ನ ಹಳೆಯ ಕಾಯ್ ಟಾಕ್ ನಿಲ್ದಾಣ ಅಂಥದ್ದು. ಕೊಲ್ಲಿಯ ನೀರಿಗೆ ಚಾಚಿದ್ದ ಅದರ ರನ್‌ವೇ 13ಕ್ಕೆ ಬೆಟ್ಟಗಳಿಂದಾಗಿ ನೇರವಾಗಿ ಬರಲು ಆಗುತ್ತಿರಲಿಲ್ಲ. ವಿಮಾನಗಳು 088 ಡಿಗ್ರಿ ದಿಕ್ಕಿನಲ್ಲಿ, ಕೆಂಪು-ಬಿಳಿ ಚೌಕಗಳ ಬಣ್ಣ ಬಳಿದ ಒಂದು ಗುಡ್ಡದ ಕಡೆಗೆ ಇಳಿದುಬಂದು, ಅದು ಕಣ್ಣಿಗೆ ಬಿದ್ದಮೇಲೆ 47 ಡಿಗ್ರಿಯಷ್ಟು ಬಲಕ್ಕೆ ಹೊರಳಿ, ಕೌಲೂನಿನ ಮನೆಗಳ ತಾರಸಿಯ ಮೇಲೆಯೇ ಹಾದು ರನ್‌ವೇಗೆ ಸೇರಬೇಕಿತ್ತು. ಆ ಕೊನೆಯ ತಿರುವನ್ನು ಪೈಲಟ್ ಕಣ್ಣಿನಿಂದಲೇ ತೆಗೆದುಕೊಳ್ಳಬೇಕಿತ್ತು, ಉಪಕರಣದ ನೆರವು ಆ ತಿರುವಿನ ತನಕ ಮಾತ್ರ ಸಿಗುತ್ತಿತ್ತು. ಅಂದರೆ ಆ ಬಣ್ಣದ ಗುಡ್ಡ, ಆ ತಾರಸಿಗಳು, ಅವುಗಳ ನಡುವಿನ ದಾರಿದೀಪಗಳು ಎಲ್ಲವೂ ಇಳಿಯುವ ವಿಧಾನದ ಅಂಗಗಳಾಗಿದ್ದವು. ಆ ನಿಲ್ದಾಣ 1998ರ ಜುಲೈ 6ರಂದು ಮುಚ್ಚಿತು. ಅದಾದಮೇಲೆ ಕೌಲೂನಿನಲ್ಲಿ ಕಟ್ಟಡಗಳ ಎತ್ತರದ ಮಿತಿ ಸಡಿಲವಾಯಿತು, ಗೋಪುರಗಳು ಎದ್ದವು, ರನ್‌ವೇ ಇದ್ದ ಜಾಗದ ತುದಿಯಲ್ಲಿ 2013ರಲ್ಲಿ ಪ್ರವಾಸಿ ಹಡಗುಗಳ ನಿಲ್ದಾಣ ಬಂತು. ಇಂದಿನ ಉಪಗ್ರಹ ಚಿತ್ರದ ಮೇಲೆ ಹಳೆಯ ರನ್‌ವೇಯನ್ನು ಇಟ್ಟರೆ ಅಂದಿನ ಪೈಲಟ್‌ಗಳು ಕಂಡ ನೋಟ ಸಿಗುವುದಿಲ್ಲ. ಕಾಯ್ ಟಾಕ್ ಕಟ್ಟುವವರು ಹಳೆಯ ಫೋಟೋ, ಹಳೆಯ ನಕ್ಷೆ, ಕಾಕ್‌ಪಿಟ್ಟಿನಿಂದ ತೆಗೆದ ವೀಡಿಯೊಗಳನ್ನು ಹುಡುಕಿ, 1998ರ ಊರನ್ನು ಮತ್ತೆ ನಿಲ್ಲಿಸಬೇಕು. ಇತಿಹಾಸಕಾರರು ಮಾಡುವ ಕೆಲಸವೂ ಇದೇ ಜಾತಿಯದು.

ಇದಕ್ಕೆ ಎದುರಾಗಿ ಇಂದು ಬರುವ ಬಲವಾದ ಆಕ್ಷೇಪಣೆ ಯಂತ್ರದ್ದು. 2020ರ ಆಗಸ್ಟ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇಡೀ ಭೂಮಿಯನ್ನೇ ತೆರೆಯ ಮೇಲಿಟ್ಟಿತು. ಬಿಂಗ್ ನಕ್ಷೆಗಳ ಉಪಗ್ರಹ ಚಿತ್ರಗಳನ್ನು ಆಸ್ಟ್ರಿಯಾದ ಗ್ರಾಟ್ಸ್ ನಗರದ ಬ್ಲ್ಯಾಕ್‌ಶಾರ್ಕ್ ಎಂಬ ಸಂಸ್ಥೆಯ ಕೃತಕ ಬುದ್ಧಿಮತ್ತೆ ಓದಿ ನೂರೈವತ್ತು ಕೋಟಿ ಕಟ್ಟಡಗಳನ್ನು ತಾನೇ ನಿಲ್ಲಿಸಿತು. ವಿಮಾನ ನಿಲ್ದಾಣಗಳೇ 37 ಸಾವಿರ. ಇಷ್ಟಾದಮೇಲೆ ಒಬ್ಬ ಮನುಷ್ಯ ತಿಂಗಳುಗಟ್ಟಲೆ ಕೂತು ಒಂದೇ ನಿಲ್ದಾಣ ಕಟ್ಟುವುದೇಕೆ? ಪ್ರಶ್ನೆ ನ್ಯಾಯವಾದದ್ದು, ಉತ್ತರವನ್ನು ಆ ತಂತ್ರಾಂಶವೇ ಕೊಟ್ಟಿತು. ಮೆಲ್ಬರ್ನ್‌ನ ಹೊರವಲಯದ ಮನೆಗಳ ನಡುವೆ ಮುಗಿಲು ಮುಟ್ಟುವ ಒಂದು ಸಪೂರ ಗೋಪುರ ಎದ್ದು ನಿಂತಿತ್ತು. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯಲ್ಲಿ ಯಾರೋ ಎರಡು ಮಹಡಿ ಎಂದು ಬರೆಯುವ ಬದಲು 212 ಎಂದು ಬರೆದಿದ್ದರು, ಯಂತ್ರ ಅದನ್ನು ಪ್ರಶ್ನಿಸದೆ ಕಟ್ಟಿಬಿಟ್ಟಿತು. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ ಮೊದಮೊದಲು ಕಚೇರಿ ಕಟ್ಟಡದಂತೆ ಕಂಡಿತು. ಮೇಲಿನಿಂದ ನೋಡಿ ಊಹಿಸುವ ಯಂತ್ರಕ್ಕೆ ಛಾವಣಿ ಗೊತ್ತು, ಗೋಡೆ ಗೊತ್ತಿಲ್ಲ. ಚಿತ್ರ ತೆಗೆದ ಕ್ಷಣದಲ್ಲಿ ಏಪ್ರನ್ ಮೇಲೆ ನಿಂತಿದ್ದ ವಿಮಾನ ನೆಲದ ಮೇಲಿನ ಬಣ್ಣವಾಗಿ ಉಳಿದುಬಿಡುತ್ತದೆ, ಬೆಳಗಿನ ನೆರಳು ಮಧ್ಯಾಹ್ನವೂ ಅಲ್ಲೇ ಬಿದ್ದಿರುತ್ತದೆ. ಅದೇ ಮೈಕ್ರೋಸಾಫ್ಟ್ ಆಯ್ದ ನಿಲ್ದಾಣಗಳನ್ನು ಮಾತ್ರ ಕೈಯಿಂದ ಕಟ್ಟಿಸಿ, ಮೂಲ ಆವೃತ್ತಿಯಲ್ಲಿ 30 ಇದ್ದವನ್ನು ದುಬಾರಿ ಆವೃತ್ತಿಯಲ್ಲಿ 40ಕ್ಕೆ ಏರಿಸಿ ಮಾರಿತು ಎಂಬುದನ್ನು ಗಮನಿಸಬೇಕು. ಕೈಕೆಲಸಕ್ಕೆ ಬೆಲೆಯಿದೆ ಎಂದು ಯಂತ್ರದ ಒಡೆಯರಿಗೂ ಗೊತ್ತಿತ್ತು. ಯಂತ್ರ ಬೇಡವೆಂದು ನಾನು ಹೇಳುತ್ತಿಲ್ಲ. ಊರು, ಕಾಡು, ಹೊಲಗಳನ್ನು ಅದು ಹರಡಲಿ. ವಿಮಾನ ನೆಲ ಮುಟ್ಟುವ ಜಾಗವನ್ನು ಗೊತ್ತಿರುವವರು ನೋಡಿಕೊಳ್ಳಲಿ.

ಯಂತ್ರ ಹೇಳದ ಇನ್ನೊಂದು ವಿಷಯ ಕಾಲ. ವಿಮಾನ ನಿಲ್ದಾಣಗಳಷ್ಟು ಬೇಗ ಬದಲಾಗುವ ಜಾಗಗಳು ಕಡಿಮೆ. ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ನಿಯಮಿತ ಪ್ರಯಾಣಿಕ ವಿಮಾನಗಳು ದೇವನಹಳ್ಳಿಗೆ ಹೋದದ್ದು 2008ರ ಮೇ 24ರಂದು. ಅಲ್ಲಿ ಎರಡನೇ ರನ್‌ವೇ ತೆರೆದದ್ದು 2019ರ ಡಿಸೆಂಬರ್‌ನಲ್ಲಿ, ಬಿದಿರಿನ ಒಳಾಂಗಣದ ಎರಡನೇ ಟರ್ಮಿನಲ್ ಉದ್ಘಾಟನೆಯಾದದ್ದು 2022ರ ನವೆಂಬರ್‌ನಲ್ಲಿ. ಯಾರೂ ಮುಟ್ಟದ ರನ್‌ವೇಗೂ ಹೆಸರು ಬದಲಾಗುವುದುಂಟು: ಅದರ ಸಂಖ್ಯೆ ಕಾಂತೀಯ ದಿಕ್ಸೂಚಿಯನ್ನು ಅವಲಂಬಿಸಿದೆ, ಭೂಮಿಯ ಕಾಂತಕ್ಷೇತ್ರವೋ ಮೆಲ್ಲಗೆ ಸರಿಯುತ್ತಿರುತ್ತದೆ. ಲಂಡನ್ನಿನ ಸ್ಟ್ಯಾನ್‌ಸ್ಟೆಡ್‌ನಲ್ಲಿ 05-23 ಎಂದಿದ್ದದ್ದು 2009ರಲ್ಲಿ 04-22 ಆಯಿತು. ಒಂದೇ ಸೀನರಿಯಲ್ಲಿ ಹೊಸ ಟರ್ಮಿನಲ್ಲೂ ಹಳೆಯ ರನ್‌ವೇ ಸಂಖ್ಯೆಯೂ ಸೇರಿಕೊಂಡರೆ ಅಂಥ ನಿಲ್ದಾಣ ಯಾವ ದಿನವೂ ಇರಲಿಲ್ಲ. ಕಾಲ ತಿಳಿಸಿ ಕಟ್ಟಿದ ಕೆಲಸಕ್ಕೆ ಎಷ್ಟು ಬಾಳಿಕೆ ಬರಬಹುದು ಎಂಬುದಕ್ಕೆ ಶಿಕಾಗೋದ ಮೇಗ್ಸ್ ಫೀಲ್ಡ್ ಸಾಕ್ಷಿ. 1982ರಲ್ಲಿ ಮೈಕ್ರೋಸಾಫ್ಟ್‌ನ ಮೊದಲ ಸಿಮ್ಯುಲೇಟರ್ ಬಂದಾಗ ಆಟಗಾರನ ವಿಮಾನ ನಿಂತಿರುತ್ತಿದ್ದದ್ದು ಸರೋವರದ ದಂಡೆಯ ಆ ಪುಟ್ಟ ನಿಲ್ದಾಣದಲ್ಲಿ. ಅದನ್ನು ರೂಪಿಸಿದ ಬ್ರೂಸ್ ಆರ್ಟ್‌ವಿಕ್ ಓದಿದ್ದು ಅದೇ ಇಲಿನಾಯ್ ರಾಜ್ಯದಲ್ಲಿ. ಸುಮಾರು ಎರಡು ದಶಕ ಜಗತ್ತಿನ ಲಕ್ಷಾಂತರ ಜನ ಮೊದಲ ಬಾರಿ ‘ಹಾರಿದ್ದು’ ಅಲ್ಲಿಂದ. 2003ರ ಮಾರ್ಚ್ 30ರ ರಾತ್ರಿ ಮೇಯರ್ ರಿಚರ್ಡ್ ಡೇಲಿ ಅವರ ಆದೇಶದಂತೆ ಬುಲ್‌ಡೋಜರ್‌ಗಳು ಬಂದು ರನ್‌ವೇಯನ್ನು ಅಗೆದುಹಾಕಿದವು. ಮುಂಚಿತವಾಗಿ ತಿಳಿಸದೆ ಮುಚ್ಚಿದ್ದಕ್ಕೆ ನಗರಕ್ಕೆ 33,000 ಡಾಲರ್ ದಂಡ ಬಿತ್ತು. ನಿಲ್ದಾಣ ಮರಳಲಿಲ್ಲ, ಅದೀಗ ಉದ್ಯಾನ. ಅದರ ಮೇಲೆ ಇಂದಿಗೂ ವಿಮಾನ ಇಳಿಸಬಹುದಾದದ್ದು ಸಿಮ್ಯುಲೇಟರ್‌ನಲ್ಲಿ ಮಾತ್ರ.

ಇದೆಲ್ಲ ಕೊನೆಗೂ ಆಟವಲ್ಲವೇ, ಅದಕ್ಕೆ ನಕ್ಷೆಗಾರರ ಶಿಸ್ತೇಕೆ ಎಂದು ಕೇಳುವವರಿದ್ದಾರೆ. ಮನೆಯ ಸಿಮ್ಯುಲೇಟರ್‌ನಲ್ಲಿ ಹಾರಿದ ಗಂಟೆಗಳು ಪೈಲಟ್ ಪರವಾನಗಿಯ ಲೆಕ್ಕಕ್ಕೆ ಬರುವುದಿಲ್ಲ, ನಿಜ. ಆದರೆ ವಿಮಾನಯಾನ ಸಂಸ್ಥೆಗಳ ಪೈಲಟ್‌ಗಳು ತರಬೇತಿ ಪಡೆಯುವ ದೊಡ್ಡ ಸಿಮ್ಯುಲೇಟರ್‌ಗಳಲ್ಲಿಯೂ ಕಿಟಕಿಯಾಚೆ ಕಾಣುವುದು ಹೀಗೆ ಕಟ್ಟಿದ ನಿಲ್ದಾಣಗಳೇ. ಅವುಗಳಿಗೆ ಅಮೆರಿಕದ ವಿಮಾನಯಾನ ಆಡಳಿತ ವಿಧಿಸಿದ ನಿಯಮಗಳನ್ನು ನೋಡಿದರೆ ವಿವರದ ಅರ್ಥ ತಿಳಿಯುತ್ತದೆ: ರನ್‌ವೇಯ ಆಕಾರ ಮತ್ತು ಅಂಚಿನ ದೀಪಗಳು 8 ಕಿಲೋಮೀಟರ್ ದೂರದಿಂದ ಗುರುತು ಸಿಗಬೇಕು, ನಡುಗೆರೆಯ ದೀಪಗಳು 5 ಕಿಲೋಮೀಟರ್‌ನಿಂದ, ಆರಂಭದ ದೀಪಗಳು 3 ಕಿಲೋಮೀಟರ್‌ನಿಂದ. ನಿಯಮ ನೋಡುವುದು ಪೈಲಟ್‌ಗೆ ಯಾವುದು, ಎಷ್ಟು ದೂರದಿಂದ ಕಾಣಬೇಕು ಎಂಬುದನ್ನು. ಹವ್ಯಾಸಿಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲವಾದರೂ ಅಳತೆಗೋಲು ಇದೇ ಆಗಬಾರದೆಂದೇನಿಲ್ಲ. ಮುಂದೆ ಪೈಲಟ್ ಆಗಬೇಕೆಂದಿರುವ ಹುಡುಗ ಹುಡುಗಿಯರಲ್ಲಿ ಎಷ್ಟೋ ಮಂದಿ ನಿಲ್ದಾಣದ ಗುರುತು, ಹಲಗೆ, ದೀಪಗಳನ್ನು ಮೊದಲು ನೋಡುವುದು ಮನೆಯ ತೆರೆಯ ಮೇಲೆಯೇ.

ಈ ಅಳತೆಗೋಲು ಹಿಡಿದರೆ ಇನ್ನೊಂದು ಆಕ್ಷೇಪಣೆಗೂ ಉತ್ತರ ಸಿಗುತ್ತದೆ: ಅತಿಯಾದ ವಿವರ ಕಂಪ್ಯೂಟರನ್ನು ನಿಧಾನ ಮಾಡುತ್ತದೆ ಎಂಬುದು. ಅದು ಸರಿಯಾದ ದೂರು. ಟರ್ಮಿನಲ್ಲಿನೊಳಗಿನ ಕಾಫಿ ಅಂಗಡಿಯ ಕುರ್ಚಿಗಳನ್ನೂ ಕಟ್ಟಿಟ್ಟು, ಇಳಿಯುವ ಹೊತ್ತಿಗೆ ಚಿತ್ರ ತಡವರಿಸುವಂತೆ ಮಾಡಿದ ಸೀನರಿ ತನ್ನ ಉದ್ದೇಶವನ್ನೇ ಮರೆತಿದೆ. ಕಾಕ್‌ಪಿಟ್ಟಿನಲ್ಲಿ ಕುಳಿತವರಿಗೆ ಕಾಣದ್ದನ್ನು ಬಿಡಬಹುದು, ದೂರದ ಕಟ್ಟಡಗಳಿಗೆ ಸರಳ ರೂಪ ಕೊಟ್ಟು ಹತ್ತಿರ ಬಂದಾಗ ಮಾತ್ರ ಪೂರ್ಣ ರೂಪ ತೋರಿಸಬಹುದು. ಚಕ್ರಗಳು ತಾಗಿ ತಾಗಿ ಕಪ್ಪಾದ ರಬ್ಬರಿನ ಕಲೆಗಳು ರನ್‌ವೇಯ ಮೇಲೆ ಇರಲಿ, ಅವು ನೆಲ ಮುಟ್ಟುವ ಜಾಗವನ್ನು ಕಣ್ಣಿಗೆ ತೋರಿಸುತ್ತವೆ. ಇನ್ನು ಭದ್ರತೆಯ ಪ್ರಶ್ನೆ: ಸರ್ಕಾರವೇ ಪ್ರಕಟಿಸಿದ ವಿವರಗಳಿಂದ ನಾಗರಿಕ ನಿಲ್ದಾಣ ಕಟ್ಟುವುದರಲ್ಲಿ ಗುಟ್ಟೇನೂ ಬಯಲಾಗುವುದಿಲ್ಲ, ವಾಯುಪಡೆಯ ಭಾಗವಿದ್ದರೆ ಅದನ್ನು ಹಾಗೆಯೇ ಬಿಡುವುದು ಸರಿ, ಅಲ್ಲಿ ಫೋಟೋ ತೆಗೆಯಲು ಹೋಗಲೂಬಾರದು.

ಕರ್ನಾಟಕದ ನಿಲ್ದಾಣಗಳಲ್ಲಿ ಇಂಥ ಕೈಗಾಗಿ ಕಾದಿರುವವು ಹಲವು. ಕಲಬುರಗಿ 2019ರಲ್ಲಿ ತೆರೆಯಿತು. 3,200 ಮೀಟರ್ ರನ್‌ವೇಯ, ಕಮಲದಾಕಾರದ ಟರ್ಮಿನಲ್ಲಿನ ಶಿವಮೊಗ್ಗ 2023ರಲ್ಲಿ. 2000ದ ರೇಡಾರ್ ಅಳತೆಯ ಹೊತ್ತಿಗೆ ಇವೆರಡೂ ಇರಲಿಲ್ಲ, ದೇವನಹಳ್ಳಿಯ ನಿಲ್ದಾಣವೂ ಇರಲಿಲ್ಲ. ಅಷ್ಟು ಹಳೆಯ ಎತ್ತರದ ಲೆಕ್ಕವನ್ನು ಸರಿಪಡಿಸಲು ಆ ನೆಲವನ್ನು ಬಲ್ಲವರೇ ಬೇಕು. ಬೆಂಗಳೂರಿನ ಜಕ್ಕೂರು ವೈಮಾನಿಕ ಶಾಲೆಯ ಮೈದಾನದ ಸುತ್ತ ಊರು ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂದರೆ ಅದರ ಇಂದಿನ ರೂಪವನ್ನು ಇಂದೇ ದಾಖಲಿಸಿಡುವುದು ಒಳ್ಳೆಯದು. ಸಲಕರಣೆಗೆ ಖರ್ಚಿಲ್ಲ. ಎಕ್ಸ್-ಪ್ಲೇನ್‌ನ ವರ್ಲ್ಡ್ ಎಡಿಟರ್ ಉಚಿತ, ಕಟ್ಟಡಗಳಿಗೆ ಬೇಕಾದ ಬ್ಲೆಂಡರ್ ಉಚಿತ, ಎಐಪಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಎಕ್ಸ್-ಪ್ಲೇನ್‌ನ ಸೀನರಿ ಗೇಟ್‌ವೇಗೆ ಯಾರು ಬೇಕಾದರೂ ನಿಲ್ದಾಣ ಕಳಿಸಬಹುದು. ಒಪ್ಪಿಗೆಯಾದದ್ದು ಮುಂದೆ ಮೂಲ ತಂತ್ರಾಂಶದಲ್ಲೇ ಸೇರಿ ಎಲ್ಲ ಬಳಕೆದಾರರಿಗೂ ತಲುಪುತ್ತದೆ. ನಿಮ್ಮೂರಿನ ಹತ್ತಿರದ ನಿಲ್ದಾಣವನ್ನು ಕೈಗೆತ್ತಿಕೊಳ್ಳುವುದಾದರೆ ಮೊದಲು ರನ್‌ವೇಯ ಎರಡು ತುದಿಗಳನ್ನು ಪ್ರಕಟಿತ ಅಂಕಿಗೆ ಸರಿಯಾಗಿ ಕೂರಿಸಿ, ನೆಲದ ಎತ್ತರವನ್ನು ತಿದ್ದಿ, ಗುರುತು ದೀಪಗಳನ್ನು ಮುಗಿಸಿ; ಟರ್ಮಿನಲ್ಲನ್ನು ಆಮೇಲೆ ನೋಡಿಕೊಂಡರಾಯಿತು. ಕೆಲಸವನ್ನು ಹೊರಗೆ ಬಿಡುವ ದಿನ ಅದು ಯಾವ ವರ್ಷದ, ಯಾವ ತಿಂಗಳ ನಿಲ್ದಾಣ ಎಂಬುದನ್ನು ತಪ್ಪದೆ ಅದರ ಜೊತೆಗೆ ಬರೆದಿಡಿ.